ಮಾರಿ ಈ ಕಡೆ ಮಾಡ್ರಿ

ನಮ್ಮಣ್ಣ ಗ್ಯಾನಪ್ಪಗ ಮಗ್ಗದ ಸಪ್ಪಳ ಕೇಳ್ತಿರಲಿಲ್ಲ,
ಅಂಗಾಲಿಗೆ ತಿಳೀತಿತ್ತು.
ಕುಣಿಮಗ್ಗದ ದಂಡಿಗೆ ಕುಂತು, ಕಣ್ಣು ಮುಚ್ಚಿ,
ಲಾಳಿ ಎಡಕ್ಕ ಹೋತೋ ಬಲಕ್ಕ ಬಂತೋ
ಬಳ್ಳು ಮಾಡಿ ತೋರಸಾಂವ.
ಅವ್ವ ನಗಾಕಿ: ಇವನ ಕಿವಿ ಜಾರಿ ಕಾಲಿಗೆ ಬಿದ್ದಾವ.

ಎಪ್ಪತ್ಮೂರನೇ ಇಸವಿ, ಗುಳೇದಗುಡ್ಡದ ಗಂಡುಮಕ್ಕಳ ಸಾಲಿ.
ಹುಟ್ಟಿದ ದಿನ ಯಾರಿಗೆ ನೆನಪಿರ್ತಿತ್ತು ಆಗ?
ಬಲಗೈ ನೆತ್ತಿ ಮ್ಯಾಲೆ ಹಾಯಿಸಿ
ಎಡಗಿವಿ ಮುಟ್ಟಿದರ ಆರು ವರ್ಷ ತುಂಬಿದಂಗ.
ಮುಂದಿನ ಹುಡುಗನ್ನ ನೋಡಿ ಅಣ್ಣನೂ ಮುಟ್ಟಿದ.
ಕಿವಿ ಸಿಕ್ಕಿತು.
ಕಟಗೇರಿ ಮಾಸ್ತರು ಹೆಸರು ಕೇಳಿದರು.
ಎರಡನೇ ಸಲ ಜೋರಾಗಿ. ಮೂರನೇ ಸಲ ಅವ್ವನ ಮಾರಿ ನೋಡಿ.
ಹಾಜರಿ ಪುಸ್ತಕದಾಗ 'ಗ್ಯಾ' ಅಂತ ಬರದದ್ದರ ಮ್ಯಾಲೆ
ಒಂದು ಗೆರಿ ಎಳೆದರು, ಸ್ಕೇಲ್ ಹಚ್ಚಿ, ನೆಟ್ಟಗ.
"ಇಂಥಾವ್ರಿಗೆ ಬ್ಯಾರೆ ಸಾಲಿ ಇರ್ತಾವ, ತಂಗಿ."

ಮರುದಿನ ಹೆಣ್ಣುಮಕ್ಕಳ ಸಾಲ್ಯಾಗ ನನ್ನ ಹೆಸರು ಹತ್ತಿತು.
ನನ್ನ ಕೈ ಇನ್ನೂ ಕಿವಿಗೆ ನಿಲುಕಿರಲಿಲ್ಲ.

ಬ್ಯಾರೆ ಸಾಲಿ ಬೆಳಗಾವ್ಯಾಗ ಇತ್ತು.
ತಗಡಿನ ಟ್ರಂಕು, ಹೆಸರು ಹೊಲಿದ ಎರಡು ಅಂಗಿ.
ಅಲ್ಲಿ ಬಾಯಿ ಮುಂದ ಮೇಣಬತ್ತಿ ಹಿಡೀತಿದ್ದರಂತ.
ಪ ಅಂದರ ಜ್ವಾಲಿ ಅಳ್ಳಾಡಬೇಕು,
ಬ ಅಂದರ ಸ್ವಲ್ಪೇ ಬಾಗಬೇಕು.
ಕೈ ತೊಡಿ ಕೆಳಗ.
ಕೈ ಮಾತಾಡಿದರ ರೂಲುಗೋಲು.
ಎರಡು ವರ್ಷ ಜ್ವಾಲಿ ಓದಿದ ಅಣ್ಣ
ದೀಪಾವಳಿಗೆ ಬಂದು "ಅಬ್ಬಾ" ಅಂದ.
ಅವ್ವಗ ಅಷ್ಟೇ ಸಾಕಾತು, ಓಣಿಗೆಲ್ಲಾ ಸಕ್ಕರಿ ಹಂಚಿದಳು.

ನನಗ ಮಾತ್ರ ಮಾಳಗಿ ಮ್ಯಾಲೆ ಕರಕೊಂಡು ಹೋಗಿ
ಬ್ಯಾರೇನ ತೋರಿಸಿದ.
ಬಚ್ಚಲಮನಿ ಬಲ್ಬಿನ ಕೆಳಗ, ರಾತ್ರಿ, ವಾರ್ಡನ್ ಮಲಗಿದ ಮ್ಯಾಲೆ
ಹುಡುಗರು ಕೂಡಿ ಕಟ್ಟಿದ ಮಾತು.
ಮೂಗಿನ ಮ್ಯಾಲೆ ಬಳ್ಳು ತಿಕ್ಕಿದರ ಹುಳಿ ಸಾರು,
ಮೀಸಿ ತಿರುವಿದರ ಮಾಸ್ತರ,
ಎದಿ ಮ್ಯಾಲೆ ಮುಷ್ಟಿ ಒತ್ತಿದರ ಊರು.
ನಾ ಅವನ ಮೊದಲನೇ ವಿದ್ಯಾರ್ಥಿ.
ಎಲ್ಲಾ ಕಲಿಯಲಿಲ್ಲ. ಮದುವಿಯಾಗಿ ಅರ್ಧಾ ಮರತೆ.

ಏಳನೇ ಇಯತ್ತೆ ಮುಂದ ಅಲ್ಲಿ ಸಾಲಿ ಇರಲಿಲ್ಲ.
ಮತ್ತ ಕುಣಿಗೆ ಇಳಿದ.

ಆಮ್ಯಾಲೆ ಕಾಗದ ಬಂದ್ವು.
ಮೂಕ ಹೋಗಿ ಅಂಗವಿಕಲ ಆದ, ಅದೂ ಹೋಗಿ ವಿಕಲಚೇತನ,
ಈಗ ವಿಶೇಷಚೇತನ ಅಂತಾರ.
ಪ್ರತಿ ಸಲ ಹೊಸಾ ಫೋಟೋ, ಬಾಗಲಕೋಟಿಗೆ ಬಸ್ಸು,
ಹೊಸಾ ಡಾಕ್ಟರು ಅದೇ ಕಿವ್ಯಾಗ ಬ್ಯಾಟರಿ ಹಾಕಿ ನೋಡೂದು.
ಅಣ್ಣ ಅದೇ ಸೂಜಿಮಲ್ಲಿಗಿ ಖಣ ನೇಯ್ದ.
ಸಾಲಿಗೆ ರ‍್ಯಾಂಪ್ ಬಂತು, ಗುಡ್ಡದಷ್ಟು ಕಡಿದು.
ಗಾಲಿಕುರ್ಚಿ ಒಂದೂ ಹತ್ತಲಿಲ್ಲ,
ಬಿಸಿಯೂಟದ ಸಿಲಿಂಡರ್ ಉರುಳಸಾಕ ಬೇಷಾತು.

ನನ್ನ ಮೊಮ್ಮಗಳು ವೇದಿಕಾ ಅದೇ ಸಾಲಿಗೆ ಹೋಗ್ತಾಳ.
ಎಲ್ಲಾರ ಜೋಡಿ, ನಡುವಿನ ಬೆಂಚು, ಕಿವಿಗೆ ಮಷೀನು.
ಹೆಸರಿನ ಮ್ಯಾಲೆ ಗೆರಿ ಇಲ್ಲ.
ಶಮೀನಾ ನದಾಫ್ ಟೀಚರ್ ಮಂಗಳವಾರ ಬರ್ತಾರ,
ಹನ್ನೊಂದು ಸಾಲಿಗೆ ಒಂದು ಸ್ಕೂಟಿ.
ಉಳಿದ ದಿನ ಹುನಗುಂದ ಸರ್.
ಒಳ್ಳೆಯಾಂವ. ಬೋರ್ಡಿನ ಜೋಡಿ ಮಾತಾಡತಾನ.

ನೀರಿನ ಬಾಟಲಿ ಮರತು ಹೋಗಿದ್ದಳು ಹುಡುಗಿ.
ಅಣ್ಣ ಒಯ್ದ. ಬಾಗಿಲದಾಗ ನಿಂತು ನೋಡಿದ:
ಮೂವತ್ತು ಮಕ್ಕಳು, ಒಂದು ಬೆನ್ನು,
ಬೆನ್ನಿನ ಆ ಕಡೆ ಎಲ್ಲಾ ಪಾಠ.
ಚಪ್ಪಲಿ ಬಿಟ್ಟು ಒಳಗ ಹೋದ.
ಖಣದ ಸರಿ ಬದಿ ನೋಡಾಕ ಹೊಳ್ಳಿಸ್ತಾರಲ್ಲ, ಹಂಗ,
ಸರ್‌ನ ಭುಜಾ ಹಿಡಿದು ಹೊಳ್ಳಿಸಿದ.
ಸೀಮಿಸುಣ್ಣ ಮುರೀತು. "ಏನ್ರಿ?" ಅಂದ ಸರ್.
"ಏನ್ರಿ" ಅಂದಳು ವೇದಿಕಾ, ತಡಮಾಡದ.
ಸಂಜಿಗೆ ನನಗ ಹೇಳಿದಳು:
ಸರ್‌ಗೆ ಮುಂದಿನ ಹಲ್ಲು ಒಂದು ಸೊಟ್ಟ ಐತಿ, ಆಯಿ,
ಇವತ್ತ ಕಂಡೆ.

ಬುಧವಾರ ಮತ್ತ ಬೋರ್ಡಿನ ಕಡೆ.
ರೂಢಿ ಒಂದಿನಕ್ಕ ಹೋಗತೈತೇನು?
ಹಂಗಂತ ದಿನಾ ಮುಂಜಾನೆ
ಬಾಟಲಿ ಮನ್ಯಾಗ ಉಳೀತೈತಿ.
ಯಾರು ಮರೀತಾರೋ, ಯಾರು ಮರಸ್ತಾರೋ ನಾ ಕೇಳಂಗಿಲ್ಲ.
ಹನ್ನೊಂದಕ್ಕ ಅಣ್ಣ ಮಗ್ಗದಿಂದ ಎದ್ದು
ಕಾಲು ತೊಳಕೊಂಡು
ಸಾಲಿಗೆ ಹೊಂಟಾನ.